ಜಿ ಅಕ್ಷರದ ಪಾಲಿಸಿ ಮತ್ತು ನೆಲಮಾಳಿಗೆಯ ವರ್ಜಿಲ್

ಅಕ್ಟೋಬರ್ 3, ಗುರುವಾರ

ಇವತ್ತಿನ ಅಂಚೆ: ಒಂದು ಪೌಂಡ್ ಹನ್ನೊಂದು ಔನ್ಸ್. ಎಲ್ಲವೂ ವಿಮೆ.

ಅಂಚೆಯನ್ನು ಯಾರಾದರೂ ತೂಗುತ್ತಾರೆಯೇ ಎಂದು ನಗುವವರು ನಗಲಿ. ಇಪ್ಪತ್ತೊಂಬತ್ತು ವರ್ಷ ಈ ಕೌಂಟಿಯ ತೂಕ ಮತ್ತು ಅಳತೆ ಇನ್ಸ್‌ಪೆಕ್ಟರ್ ಆಗಿದ್ದವನು ನಾನು. ಕೈಗೆ ಬಂದದ್ದನ್ನು ತೂಗದೆ ಕೆಳಗಿಡಲು ಬರುವುದಿಲ್ಲ. ದಿನಚರಿ ಬರೆಯಿರಿ, ಎದೆ ಹಗುರಾಗುತ್ತದೆ ಎಂದು ಡಾಕ್ಟರ್ ಸೊರೆಲ್ ಅವರ ನರ್ಸು ಹೇಳಿದಳು. ಎಷ್ಟು ಔನ್ಸ್ ಹಗುರಾಗುತ್ತದೆ ಎಂದು ಕೇಳಿದೆ. ಅವಳು ನಗಲಿಲ್ಲ. ನಾನೂ ತಮಾಷೆಗೆ ಕೇಳಿರಲಿಲ್ಲ.

ಬರೆಯುವುದು ನನಗೆ ಪೂರ್ತಿ ಹೊಸದೇನಲ್ಲ. 1969ರಲ್ಲಿ ಒಂದು ವರ್ಷ ಕಾಲೇಜಿಗೆ ಹೋಗಿದ್ದೆ. ಇಂಗ್ಲಿಷ್ ಪ್ರಬಂಧದ ಪ್ರೊಫೆಸರ್ ಟಟಲ್ ಹೇಳುತ್ತಿದ್ದರು: ಪ್ಯಾರಾಕ್ಕೆ ಒಂದೇ ಮುಖ್ಯ ವಿಷಯ, ಆಮೇಲೆ ಮೂರು ಸಾಕ್ಷ್ಯ, ಆಮೇಲೆ ಉಪಸಂಹಾರ. ಇನ್ನೂ ಒಂದು ಹೇಳಿದ್ದರು, ಅದು ಮರೆತಿದೆ. ಬಹುಶಃ ಅದೇ ಮುಖ್ಯವಾದದ್ದು.

ಈ ದಿನದ ಮುಖ್ಯ ವಿಷಯ ಇದು. ಡೊರೀನ್ ನನಗಾಗಿ ಆರಿಸಿಟ್ಟಿದ್ದ ವಿಮೆ ಡಿಸೆಂಬರ್ ಮೂವತ್ತೊಂದಕ್ಕೆ ನಮ್ಮ ಕೌಂಟಿ ಬಿಟ್ಟು ಹೋಗುತ್ತಿದೆಯಂತೆ. ಕಾಗದದಲ್ಲಿ ಹಾಗೇ ಬರೆದಿದ್ದಾರೆ, ವಲಸೆ ಹಕ್ಕಿಯ ಸುದ್ದಿಯ ಹಾಗೆ. ಮರಳಿ ಬರುವ ಮಾತು ಮಾತ್ರ ಎಲ್ಲೂ ಇಲ್ಲ. ಪ್ರತಿ ಶರತ್ಕಾಲದಲ್ಲೂ ಈ ಕಾಗದಗಳನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಕೂರುತ್ತಿದ್ದವಳು ಅವಳು. ನಾನು ಪಕ್ಕದಲ್ಲಿ ಕೂತು ಆಪಲ್ ಪೈ ತಿನ್ನುತ್ತಿದ್ದೆ. ಅವಳು ಹೋಗಿ ಹದಿಮೂರು ತಿಂಗಳಾಯಿತು.

ಡಾಕ್ಟರ್ ಸೊರೆಲ್ ನನ್ನ ಹೃದಯದ ಕವಾಟ ಬದಲಿಸಿದವರು. ಅದು ಟಕ್ ಟಕ್ ಎನ್ನುವ ಸದ್ದು ಅವರಿಗೆ ಗುರುತಿದೆ. ಹೊಸದಾಗಿ ಬಂದ ಏಳು ಕಂಪನಿಗಳ ಡಾಕ್ಟರ್ ಪಟ್ಟಿಗಳಲ್ಲಿ ಹುಡುಕಿದೆ. ಒಂದರಲ್ಲೂ ಅವರ ಹೆಸರಿಲ್ಲ. ಒಂದರಲ್ಲಿ ಸೊರೆಲ್ ಎಂಬ ಹಲ್ಲಿನ ಡಾಕ್ಟರ್ ಇದ್ದಾನೆ, ಪಕ್ಕದ ರಾಜ್ಯದಲ್ಲಿ.

ಮನೆಯಲ್ಲಿ ನಾನೊಬ್ಬನೇ. (ನೆಲಮಾಳಿಗೆಯಲ್ಲಿ ವರ್ಜಿಲ್ ಇದ್ದಾನೆ, ಡೊರೀನಳ ತಮ್ಮ. ಅಕ್ಕನ ಮಣ್ಣಿಗೆ ಬಂದವನು ಎರಡು ವಾರ ಇರುತ್ತೇನೆ ಎಂದ. ಅವನು ಲೆಕ್ಕಕ್ಕಿಲ್ಲ.)

ಅಕ್ಟೋಬರ್ 9, ಬುಧವಾರ

ಅಂಚೆ: ಎರಡು ಪೌಂಡ್ ಎರಡು ಔನ್ಸ್.

ಮಧ್ಯಾಹ್ನ ಸೂಪಿಗೆ ಚಮಚ ಹಾಕುವ ಹೊತ್ತಿಗೆ ಸರಿಯಾಗಿ ಫೋನು. "ಹಲೋ ಲೆಲೆಂಡ್, ಹೇಗಿದ್ದೀರಾ?" ಎಂದಿತು ಹೆಣ್ಣು ದನಿ, ಹಳೇ ನೆಂಟರ ಹಾಗೆ. ಕ್ಷೇಮ ಎಂದೆ, ನೀವು ಹೇಗಿದ್ದೀರಿ ಎಂದೂ ಕೇಳಿದೆ. "ಬಹಳ ಒಳ್ಳೆಯ ಪ್ರಶ್ನೆ ಲೆಲೆಂಡ್!" ಎಂದು ವಿಮೆ ಶುರು ಮಾಡಿತು. ಅದು ಯಂತ್ರ ಎಂದು ಗೊತ್ತಾಗುವಷ್ಟರಲ್ಲಿ ನನ್ನ ಕವಾಟದ ಕಥೆ ಅರ್ಧ ಹೇಳಿಯಾಗಿತ್ತು.

"ಯಾರ್ ಹತ್ರ ಮಾತಾಡ್ತಿದ್ರಿ ಇನ್ಸ್‌ಪೆಕ್ಟರ್ರೇ?" ಎಂದು ವರ್ಜಿಲ್ ಮೆಟ್ಟಿಲ ಕೆಳಗಿಂದ ಕೂಗಿದ. 1986ರಿಂದ ಅವನು ನನ್ನನ್ನು ಹೆಸರು ಹಿಡಿದು ಕರೆದಿಲ್ಲ.

"ಯಂತ್ರದ ಹತ್ರ."

"ಇಪ್ಪತ್ ನಿಮಿಷ ಮಾತಾಡಿದ್ರಲ್ಲ! ನನ್ ಹತ್ರ ಹದಿಮೂರು ತಿಂಗಳಲ್ಲಿ ಅಷ್ಟು ಮಾತಾಡಿಲ್ಲ."

ಸೂಪು ತಣ್ಣಗಾಗಿತ್ತು. ಪಾತ್ರೆಯಲ್ಲಿ ಉಳಿದದ್ದನ್ನು ಮೆಟ್ಟಿಲ ಮೇಲಿಟ್ಟೆ, ಚೆಲ್ಲುವುದೇಕೆ ಎಂದು. ದಿನವೂ ಅಷ್ಟು ಉಳಿಯುತ್ತದೆ. ಒಬ್ಬನಿಗೆ ಅಳತೆ ಮಾಡಿ ಸೂಪು ಮಾಡುವುದು ಇನ್ನೂ ಕೈಗೆ ಹತ್ತಿಲ್ಲ.

ಅಕ್ಟೋಬರ್ 22, ಮಂಗಳವಾರ

ಊರಿನ ಅಗ್ನಿಶಾಮಕ ದಳದ ಹಾಲ್‌ನಲ್ಲಿ ವಿಮೆಯ ಸಭೆ. ನಡೆಸಿದವಳು ಏಜೆಂಟ್ ಕ್ಯಾಂಡೇಸ್ ಹಾವೆಲ್, ನಮ್ಮ ಬೀದಿಯ ತುದಿಯಲ್ಲೇ ಮನೆ. ಹದಿನೆಂಟು ಜನ ಇದ್ದೆವು. ನಮ್ಮೆಲ್ಲರ ಮೊಣಕಾಲುಗಳನ್ನು ಒಟ್ಟು ಮಾಡಿದರೆ ಚೆನ್ನಾಗಿರುವಂಥವು ಒಂಬತ್ತು ಸಿಕ್ಕಾವು.

ಸರ್ಕಾರದ ನಿಯಮವೊಂದು ಇವತ್ತು ತಿಳಿಯಿತು, ಬಹಳ ಹಿಡಿಸಿತು. ವಿಮೆ ಮಾರುವ ಸಭೆಯಲ್ಲಿ ತಿಂಡಿ ಕೊಡಬಹುದು, ಊಟ ಕೊಡುವ ಹಾಗಿಲ್ಲ. ಊಟ ಹಾಕಿದರೆ ಮುದುಕರು ಋಣಕ್ಕೆ ಬಿದ್ದು ಸಹಿ ಹಾಕಿಬಿಡುತ್ತಾರಂತೆ. ಹಲವು ತಿಂಡಿಗಳನ್ನು ಸೇರಿಸಿ ಊಟ ಮಾಡಿಬಿಡುವುದಕ್ಕೂ ಅಡ್ಡಿ ಇದೆ. ಕ್ಯಾಂಡೇಸ್ ತಿಂಡಿ ಮೇಜಿನ ಪಕ್ಕ ಕಾವಲು ನಿಂತಿದ್ದಳು. ಆಪಲ್ ಪೈ ಒಂದು ತುಂಡು ತಿಂಡಿ. ಅದರ ಮೇಲೆ ಚೀಸ್ ಇಟ್ಟರೆ?

"ಚೀಸ್ ಸಣ್ಣದಿದ್ರೆ ತಿಂಡೀನೇ ಸರ್," ಎಂದಳು.

"ಸಣ್ಣದು ಅಂದ್ರೆ ಎಷ್ಟು ಔನ್ಸ್?"

"ಅದು... ನಿಯಮದಲ್ಲಿ ಬರ್ದಿಲ್ಲ ಸರ್."

"ಬರೀಬೇಕಿತ್ತು," ಎಂದೆ. ಜೇಬಿನಿಂದ ಪುಟ್ಟ ತಕ್ಕಡಿ ತೆಗೆದು ಅವಳ ಚೀಸ್ ತುಂಡುಗಳನ್ನು ತೂಗಿದೆ. ಒಂದು ಔನ್ಸಿನಿಂದ ಮೂರರವರೆಗೆ, ಮನಸ್ಸಿಗೆ ಬಂದ ಹಾಗೆ ಕತ್ತರಿಸಿದ್ದಳು. ಎರಡು ಔನ್ಸಿಗೆ ನಿಲ್ಲಿಸಿಕೊಳ್ಳಿ ಎಂದು ಸಲಹೆ ಕೊಟ್ಟೆ. ಅವಳು ಬರೆದುಕೊಂಡಳು. ನಿವೃತ್ತನಾದ ಒಂಬತ್ತು ವರ್ಷದ ನಂತರ ಯಾರೋ ನನ್ನ ಮಾತನ್ನು ಬರೆದುಕೊಂಡರು.

ಪಕ್ಕದಲ್ಲಿ ಕೂತಿದ್ದ ಯೂನಿಸ್ ವೋಗಲ್, ಎಂಬತ್ತಾರು ವರ್ಷ, ತನ್ನ ಪಾಲಿನ ಪೈಯನ್ನು ಕೈಚೀಲಕ್ಕೆ ಹಾಕಿಕೊಂಡು ಇನ್ನೊಂದು ಕೇಳಿದಳು. "ಆ ಪೈ ನಾನು ತಿಂದಿಲ್ಲ, ಸಾಗಿಸ್ತಿದ್ದೀನಿ ಅಷ್ಟೆ. ಲೆಕ್ಕಕ್ಕೆ ಬರಲ್ಲ."

ನನ್ನ ಮನೆಗೆ ಬಂದು ಪ್ಲ್ಯಾನುಗಳನ್ನು ವಿವರಿಸಲು ಕ್ಯಾಂಡೇಸ್‌ಗೆ ಒಂದು ಚೀಟಿಗೆ ಸಹಿ ಹಾಕಿಕೊಟ್ಟೆ. ಸಹಿ ಹಾಕಿದ ಮೇಲೆ ನಲವತ್ತೆಂಟು ಗಂಟೆ ಅವಳು ನನ್ನ ಹತ್ತಿರ ಪ್ಲ್ಯಾನಿನ ಮಾತೆತ್ತುವ ಹಾಗಿಲ್ಲ. ಅದೂ ನಿಯಮ. ಮುದುಕರಿಗೆ ಯೋಚಿಸಲು ಸಮಯ ಬೇಕಂತೆ. ಯೋಚಿಸಲು ವಿಷಯವನ್ನೇ ಹೇಳದೆ ಏನನ್ನು ಯೋಚಿಸಬೇಕು ಎಂದು ಕೇಳಿದೆ. ಅದಕ್ಕೆ ಉತ್ತರ ಹೇಳುವುದೂ ನಲವತ್ತೆಂಟು ಗಂಟೆಯ ನಂತರವೇ ಎಂದಳು.

ಅಕ್ಟೋಬರ್ 23, ಬುಧವಾರ

ಅಂಗಡಿಯಲ್ಲಿ ಆಲೂಗಡ್ಡೆ ಆರಿಸುತ್ತಿದ್ದಾಗ ಕ್ಯಾಂಡೇಸ್ ಸಿಕ್ಕಳು. ಅವಳ ಮುಖ ಬಿಳಿಚಿತು. ಇನ್ನೂ ಇಪ್ಪತ್ತಮೂರು ಗಂಟೆ ಬಾಕಿ.

"ಚಳಿ ಶುರುವಾಯ್ತಲ್ವಾ ಸರ್," ಎಂದಳು.

"ನನ್ನ ಡಾಕ್ಟ್ರು ಸೊರೆಲ್..." ಎಂದೆ.

"ಆಲೂಗಡ್ಡೆ ಚೆನ್ನಾಗಿದೆ ಸರ್! ಬಹಳ ಚೆನ್ನಾಗಿದೆ!" ಎಂದು ಗಾಡಿ ತಳ್ಳಿಕೊಂಡು ಓಡಿದಳು. ತೆಗೆದುಕೊಳ್ಳಲು ಬಂದ ಈರುಳ್ಳಿ ಅಲ್ಲೇ ಬಿಟ್ಟುಹೋದಳು. ನಾನೇ ಕೊಂಡು ಅವಳ ಮನೆ ಬಾಗಿಲಲ್ಲಿಟ್ಟು ಬಂದೆ. ಗಂಟೆ ಬಾರಿಸಲಿಲ್ಲ. ನಿಯಮ.

ಅಕ್ಟೋಬರ್ 24, ಗುರುವಾರ

ಕ್ಯಾಂಡೇಸ್ ಹೇಳಿದ ಸಮಯಕ್ಕಿಂತ ಹತ್ತು ನಿಮಿಷ ಮೊದಲೇ ಬಂದು ಕಾರಿನಲ್ಲಿ ಕೂತಿದ್ದಳು. ಗಡಿಯಾರ ಮೂರು ಹೊಡೆದ ಮೇಲೆ ಒಳಗೆ ಬಂದಳು. ಒಳ್ಳೆಯ ಹೆಂಗಸು.

ನನಗೆ ಅರ್ಥವಾದಷ್ಟು ಬರೆದಿಡುತ್ತೇನೆ. ಸರ್ಕಾರದ ಮೆಡಿಕೇರ್ ಖರ್ಚಿನ ಬಹುಪಾಲು ಕೊಡುತ್ತದೆ, ಉಳಿದದ್ದು ನಮ್ಮ ತಲೆಗೆ. ಆ ಉಳಿದ ಪಾಲಿಗೆ ಎರಡು ದಾರಿ. ಒಂದು, ಎಲ್ಲವನ್ನೂ ಒಂದು ಖಾಸಗಿ ಕಂಪನಿಗೆ ಒಪ್ಪಿಸಿ ಅವರ ಪಟ್ಟಿಯ ಡಾಕ್ಟರುಗಳಲ್ಲಿಗೇ ಹೋಗುವುದು. ಡೊರೀನ್ ಆರಿಸಿದ್ದು ಅದು, ಆಗ ಪಟ್ಟಿಯಲ್ಲಿ ಸೊರೆಲ್ ಇದ್ದರು. ಇನ್ನೊಂದು, ಸರ್ಕಾರದ್ದನ್ನೇ ಇಟ್ಟುಕೊಂಡು ಅದರ ಮೇಲೆ ಒಂದು ಪೂರಕ ಪಾಲಿಸಿ ಕೊಳ್ಳುವುದು. ಆಗ ಮೆಡಿಕೇರ್ ಒಪ್ಪುವ ಯಾವ ಡಾಕ್ಟರಾದರೂ ಸರಿ. ಸೊರೆಲ್ ಒಪ್ಪುತ್ತಾರೆ. ನನ್ನ ಹಳೇ ಪ್ಲ್ಯಾನು ತಾನಾಗಿ ಊರು ಬಿಡುತ್ತಿರುವುದರಿಂದ ಕವಾಟದ ನೆಪ ಹೇಳಿ ಯಾರೂ ನನ್ನನ್ನು ಬೇಡ ಎನ್ನುವಂತಿಲ್ಲ. ಮಾತ್ರೆಗಳ ವಿಮೆ ಬೇರೆ. ಅದಕ್ಕೆ ಡಿಸೆಂಬರ್ ಏಳು ಗಡುವು, ಎಲ್ಲವನ್ನೂ ಅಷ್ಟರೊಳಗೆ ಮುಗಿಸಿಬಿಡಿ ಎಂದಳು.

ಪೂರಕ ಪಾಲಿಸಿಗಳಿಗೆ ಹೆಸರಿಲ್ಲ, ಅಕ್ಷರಗಳಿವೆ. ನನಗೆ ಬೇಕಾದದ್ದು ಜಿ. ಕೊಕ್ಕರೆ ಚಿತ್ರದ ಕಂಪನಿಯಲ್ಲೂ ಜಿ ಇದೆ, ಸೇತುವೆ ಚಿತ್ರದ್ದರಲ್ಲೂ ಇದೆ, ಅಜ್ಜ ಅಜ್ಜಿ ಸೈಕಲ್ ಹೊಡೆಯುವ ಚಿತ್ರದ್ದರಲ್ಲೂ ಇದೆ.

"ಇವುಗಳಲ್ಲಿ ಯಾವ ಜಿ ಒಳ್ಳೇದು?" ಎಂದೆ.

"ಎಲ್ಲಾ ಒಂದೇ ಸರ್. ಕಾನೂನೇ ಹಾಗೆ. ಬೆಲೆ ಮಾತ್ರ ಬೇರೆ."

"ಒಂದೇ ಸರಕಿಗೆ ಏಳು ಬೆಲೆಯೇ? ಎಲ್ಲೋ ತೂಕದಲ್ಲಿ ಮೋಸ ಇರಲೇಬೇಕು!"

"ಅದೇ ಸಾಸೇಜು, ಕಾಗದ ಬೇರೆ," ಎಂದಿತು ಮೆಟ್ಟಿಲ ಕಡೆಯಿಂದ ದನಿ. ವರ್ಜಿಲ್ ಸೂಪಿನ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದ. ಮೂವತ್ತು ವರ್ಷ ಕಟುಕನಾಗಿದ್ದವನು, ಎಲ್ಲವೂ ಅವನಿಗೆ ಸಾಸೇಜು.

ಅತಿ ಕಡಿಮೆಯ ಜಿ ಕೊಕ್ಕರೆಯದ್ದು. ಅದೂ ನನ್ನ ಪಿಂಚಣಿಗೆ ಸ್ವಲ್ಪ ಭಾರವಾಗುತ್ತಿತ್ತು. ಆಗ ಕ್ಯಾಂಡೇಸ್ ಹೇಳಿದಳು: ಒಂದು ರಿಯಾಯಿತಿ ಇದೆ, ಅದು ಸಿಕ್ಕರೆ ಹೊಂದುತ್ತದೆ. ಅರವತ್ತು ದಾಟಿದ ಇಬ್ಬರು ಒಂದೇ ಮನೆಯಲ್ಲಿ ಒಂದು ವರ್ಷದಿಂದ ಇದ್ದರೆ ಸಾಕು, ಗಂಡ ಹೆಂಡತಿಯೇ ಆಗಬೇಕೆಂದಿಲ್ಲ.

"ಮನೇಲಿ ನಿಮ್ ಜೊತೆ ಬೇರೆ ಯಾರಾದ್ರೂ ಇದಾರಾ ಸರ್?"

"ಯಾರೂ ಇಲ್ಲ. ನಾನೊಬ್ನೇ."

ಕ್ಯಾಂಡೇಸ್ ಬಾಗಿಲ ಕಡೆ ನೋಡಿದಳು. "ಹಾಗಾದ್ರೆ... ಇವ್ರು?"

"ಅವನು ವರ್ಜಿಲ್. ತಾತ್ಕಾಲಿಕ."

ವರ್ಜಿಲ್ ಬಟ್ಟಲಿನ ಸೂಪನ್ನು ನಿಂತಲ್ಲೇ ಕುಡಿದು ಮುಗಿಸಿದ. ಬಟ್ಟಲನ್ನು ಸಿಂಕಿನಲ್ಲಿಟ್ಟ. "ಉಪ್ಪು ಕಮ್ಮಿ ಇತ್ತು ಇನ್ಸ್‌ಪೆಕ್ಟರ್ರೇ," ಎಂದು ಕೆಳಗೆ ಹೋದ.

ಅಕ್ಟೋಬರ್ 25, ಶುಕ್ರವಾರ

ವರ್ಜಿಲ್ ಹೋದ. ಚೀಟಿ ಬರೆದಿಟ್ಟಿದ್ದಾನೆ: "ತಾತ್ಕಾಲಿಕ ಮುಗಿಯಿತು." ಸೂಟ್‌ಕೇಸ್ ಇಲ್ಲ. ಅವನ ಹಳೇ ಅಂಗಡಿಯ ತಕ್ಕಡಿ ಮಾತ್ರ ಇದೆ, ಹೊರಲು ಭಾರ. ಅದರ ಕಂಬಕ್ಕೆ ನಾನು 1986ರಲ್ಲಿ ಕಟ್ಟಿದ ಕೆಂಪು ಚೀಟಿ ಇನ್ನೂ ಇದೆ.

ಒಳ್ಳೆಯದೇ ಆಯಿತು.

ಅಕ್ಟೋಬರ್ 27, ಭಾನುವಾರ

ಮನೆ ನಿಶ್ಶಬ್ದ. ಕವಾಟದ ಸದ್ದು ಅಡುಗೆಮನೆಯಿಂದ ಹಜಾರದವರೆಗೆ ಕೇಳುತ್ತದೆ. ಸೂಪು ಮಾಡಿದೆ, ಮತ್ತೆ ಉಳಿಯಿತು. ಉಪ್ಪು ಸರಿಯಾಗಿಯೇ ಇದೆ. ಎರಡು ಸಲ ರುಚಿ ನೋಡಿದೆ. ಇರಬಹುದು, ಒಂದು ಚಿಟಿಕೆ ಕಡಿಮೆ.

ನವೆಂಬರ್ 4, ಸೋಮವಾರ

ಅಂಚೆ: ಎರಡು ಪೌಂಡ್ ಒಂಬತ್ತು ಔನ್ಸ್.

ಕೊಕ್ಕರೆ ಕಂಪನಿಯ ಅರ್ಜಿ ಮೇಜಿನ ಮೇಲಿದೆ. "ಮನೆಯಲ್ಲಿ ವಾಸವಿರುವ ಇನ್ನೊಬ್ಬ ವಯಸ್ಕರ ಹೆಸರು" ಎಂದು ಒಂದು ಗೆರೆ. ಕೆಳಗೆ, ಮೇಲಿನದೆಲ್ಲ ನಿಜ ಎಂದು ಸಹಿ. ವರ್ಜಿಲನ ಹೆಸರು ಬರೆದು ಕಳಿಸಿಬಿಡಬಹುದು, ಯಾರು ಬಂದು ನೆಲಮಾಳಿಗೆ ತೂಗುತ್ತಾರೆ? ಆದರೆ ಸುಳ್ಳು ಅಳತೆಗೆ ನಾನು ಈ ಜನ್ಮದಲ್ಲಿ ಸಹಿ ಹಾಕಿದವನಲ್ಲ.

ಗೆರೆ ಖಾಲಿ ಬಿಟ್ಟರೆ ರಿಯಾಯಿತಿ ಇಲ್ಲ, ಸೊರೆಲ್ ಇಲ್ಲ. ಹೆಸರು ಬರೆದರೆ ಅವನು ಇಲ್ಲಿರಬೇಕು. ಪ್ರೊಫೆಸರ್ ಟಟಲ್ ಆಗಿದ್ದರೆ ಇದನ್ನು ಮುಖ್ಯ ವಿಷಯ ಎನ್ನುತ್ತಿದ್ದರು.

ಅವನು ಎಲ್ಲಿದ್ದಾನೋ ಗೊತ್ತಿಲ್ಲ. ಕೇಳಲು ನಾನು ಯಾರ ಮನೆಗೂ ಹೋಗುವವನಲ್ಲ. ಪೋಸ್ಟಾಫೀಸಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಎರಡು ಚರ್ಚುಗಳಲ್ಲಿ ಮತ್ತು ಬೌಲಿಂಗ್ ಹಾಲ್‌ನಲ್ಲಿ ಸುಮ್ಮನೆ ವಿಚಾರಿಸಿದೆ ಅಷ್ಟೆ.

ನವೆಂಬರ್ 12, ಮಂಗಳವಾರ

ಸಿಕ್ಕ. ಅಗ್ನಿಶಾಮಕ ದಳದ ಹಾಲ್‌ನ ಹಿಂದಿನ ಕೋಣೆಯಲ್ಲಿ, ಸ್ವಯಂಸೇವಕರು ಮಲಗುವ ಮಂಚದ ಮೇಲೆ ವಾಸ. ಬಾಡಿಗೆಗೆ ಬದಲಾಗಿ ಶುಕ್ರವಾರ ಮೀನು ಕರಿದುಕೊಡುತ್ತಾನಂತೆ. ಮಂಗಳವಾರದ ವಿಮೆ ಸಭೆಗೆ ಕ್ಯಾಂಡೇಸ್ ಅವನನ್ನು ಚೀಸ್ ಕತ್ತರಿಸಲು ಇಟ್ಟುಕೊಂಡಿದ್ದಾಳೆ. ನನ್ನ ಎರಡು ಔನ್ಸಿನ ಸಲಹೆಯ ಫಲ!

ಅವನು ತಕ್ಕಡಿಯಿಲ್ಲದೆ ಕತ್ತರಿಸುತ್ತಿದ್ದ. ನಾನು ಸಾಲಿನಲ್ಲಿ ನಿಂತು ಒಂದು ತುಂಡು ತೆಗೆದುಕೊಂಡು ಜೇಬಿನ ತಕ್ಕಡಿಗೆ ಹಾಕಿದೆ. ಎರಡು ಔನ್ಸ್. ಮತ್ತೊಂದು, ಎರಡು ಔನ್ಸ್. ಹಿಂದಿದ್ದವರು ಗೊಣಗಿದರು. ಏಳು ತುಂಡು ತೂಗಿದೆ. ಏಳೂ ಎರಡು ಔನ್ಸ್, ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಪಾಸಾದ್ನಾ ಇನ್ಸ್‌ಪೆಕ್ಟರ್ರೇ? ಇಲ್ಲ ಚೀಟಿ ಕಟ್ತೀರಾ?" ಎಂದ, ತಲೆಯೆತ್ತದೆ.

"ಮನೆಗೆ ಬಾ. ಅರ್ಜೀಲಿ ಒಂದು ಗೆರೆ ಇದೆ."

"ಗೆರೆ ತುಂಬಕ್ಕೆ ಬೇಕಾ ನಾನು?"

"ಹೌದು," ಎಂದೆ. ಸುಳ್ಳು ಹೇಳಲು ಬರುವುದಿಲ್ಲ.

ಅವನು ಚಾಕು ಕೆಳಗಿಟ್ಟ. "ನಂಗೂ ಒಂದು ಗೆರೆ ಬಾಕಿ ಇದೆ. ಮೂವತ್ತೆಂಟು ವರ್ಷದಿಂದ. ತಕ್ಕಡಿ ಯಾವ ಕಡೆಗೆ ತಪ್ಪಿತ್ತು ಅಂತ ಊರಿಗೆ ಹೇಳಿ, ಆಮೇಲೆ ನೋಡೋಣ."

ಕ್ಯಾಂಡೇಸ್ ಬಂದು ನನ್ನ ತಟ್ಟೆ ನೋಡಿದಳು. "ಸರ್, ಏಳು ತುಂಡು ಇಟ್ಕೊಂಡ್ರೆ ಅದು ಊಟ." ಆರು ಹಿಂದಕ್ಕಿಟ್ಟೆ.

ನವೆಂಬರ್ 13, ಬುಧವಾರ

ಬರೆಯುತ್ತೇನೆ, ನನಗಾಗಿ ಮಾತ್ರ.

1986ರ ನವೆಂಬರ್, ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಒಂದು ವಾರ. ವರ್ಜಿಲನ ಅಂಗಡಿಯ ತಕ್ಕಡಿ ಪರೀಕ್ಷಿಸಿದೆ. ಪೌಂಡಿಗೆ ಅರ್ಧ ಔನ್ಸ್ ತಪ್ಪು. ಭಾಮೈದ ಎಂದು ಬಿಟ್ಟರೆ ಜನ ಏನೆಂದಾರು? ಕೆಂಪು ಚೀಟಿ ಕಟ್ಟಿದೆ. ತಕ್ಕಡಿ ತೋರಿಸುತ್ತಿದ್ದದ್ದು ಕಡಿಮೆ. ಅಂದರೆ ಗಿರಾಕಿಗೆ ಹೋಗುತ್ತಿದ್ದದ್ದು ಹೆಚ್ಚು, ನಷ್ಟ ಅವನಿಗೇ. ಕಾನೂನಿಗೆ ಎರಡೂ ತಪ್ಪೇ. ಚೀಟಿಯಲ್ಲಿ "ತಿರಸ್ಕೃತ" ಎಂದಷ್ಟೇ ಅಚ್ಚಾಗಿದೆ, ಯಾವ ಕಡೆಗೆ ಎಂದು ಬರೆಯಲು ಜಾಗವಿಲ್ಲ.

ಕೆಂಪು ಚೀಟಿ ನೋಡಿದವರು ಅವನು ಮೋಸ ಮಾಡುತ್ತಿದ್ದ ಎಂದುಕೊಂಡರು. ಆ ಹಬ್ಬಕ್ಕೆ ನಲವತ್ತು ಟರ್ಕಿ ಕೋಳಿ ಅವನ ಬಳಿ ಉಳಿದವು. ಎರಡು ವರ್ಷಕ್ಕೆ ಅಂಗಡಿ ಮುಚ್ಚಿ ಪಕ್ಕದ ಊರಿನ ಕಸಾಯಿಖಾನೆಗೆ ಕೂಲಿಗೆ ಹೋದ. "ಒಂದ್ ಮಾತು ಹೇಳಿಬಿಡು ಲೆಲೆಂಡ್" ಎಂದಳು ಡೊರೀನ್. ಕೇಳಿದರೆ ಹೇಳುತ್ತೇನೆ ಎಂದೆ. ಯಾರೂ ಕೇಳಲಿಲ್ಲ. ಅವಳು ಮತ್ತೆರಡು ಸಲ ಹೇಳಿದಳು, ಆಮೇಲೆ ಬಿಟ್ಟಳು.

ಅಂಚೆ ತೂಗಲಿಲ್ಲ.

ನವೆಂಬರ್ 19, ಮಂಗಳವಾರ

ಬೇಸರಕ್ಕೆ ಇಷ್ಟು ದಿನದ ವಿಮೆ ಅಂಚೆಯನ್ನೆಲ್ಲ ಹಜಾರದಲ್ಲಿ ಸುರಿದು ಕಂಪನಿವಾರು ವಿಂಗಡಿಸಲು ಕೂತೆ. ಒಟ್ಟು ಮೂವತ್ತೊಂದು ಪೌಂಡ್. ಆಗ ಕಣ್ಣಿಗೆ ಬಿದ್ದದ್ದು: ಅದರಲ್ಲಿ ಹದಿನಾಲ್ಕು ಪೌಂಡ್ ಆರು ಔನ್ಸ್ ನನ್ನದಲ್ಲ. "ವರ್ಜಿಲ್ ಸ್ಟೌಟ್, 114 ಮಿಲ್ ರಸ್ತೆ." ನನ್ನ ಮನೆಯ ವಿಳಾಸ. ಡೊರೀನ್ ಹೋದ ಮೇಲೆ ಬಂದದ್ದನ್ನು ನಾನು ಓದದೆ ತುರುಕಿದ್ದ ಅವಳ ಹಳೇ ಪೆಟ್ಟಿಗೆಯಲ್ಲಿ ಹುಡುಕಿದರೆ ಕಳೆದ ವರ್ಷದ ಅಕ್ಟೋಬರಿನದೂ ಇವೆ.

ನಾನು ಒಂಟಿ, ನಾನು ಒಂಟಿ ಎಂದು ತೂಗಿ ಬರೆದಿಟ್ಟ ಅಂಚೆಯಲ್ಲಿ ಹತ್ತಿರ ಹತ್ತಿರ ಅರ್ಧ ಅವನದು. ನನ್ನ ತೂಕವೇ ತಪ್ಪಿತ್ತು. ಪರೀಕ್ಷೆ ಮಾಡಿದ್ದು ತಕ್ಕಡಿಯನ್ನು, ತಟ್ಟೆಯಲ್ಲಿದ್ದದ್ದನ್ನು ನೋಡಲೇ ಇಲ್ಲ.

ನನಗೆ ಬಂದಿದ್ದ ಅದೇ ಕಂಪನಿಯ ಅದೇ ಲಕೋಟೆ ಅವನಿಗೂ ಬಂದಿದೆ, ಒಡೆದಿಲ್ಲ. ಅಂದರೆ ಅವನ ಪ್ಲ್ಯಾನೂ ಕೌಂಟಿ ಬಿಡುತ್ತಿದೆ.

ನವೆಂಬರ್ 28, ಥ್ಯಾಂಕ್ಸ್‌ಗಿವಿಂಗ್

ಫ್ರೀಜರಿನಿಂದ ಟರ್ಕಿ ಊಟದ ಡಬ್ಬಿ. ಮೇಲೆ ಹನ್ನೆರಡು ಔನ್ಸ್ ಎಂದಿದೆ. ಹನ್ನೊಂದು ಇದೆ. ಕಂಪನಿಗೆ ಪತ್ರ ಬರೆಯಲು ಕೂತವನು ಬರೆಯಲಿಲ್ಲ.

ಅಗ್ನಿಶಾಮಕ ದಳದ ಹಾಲ್‌ನ ಮುಂದೆ ಮೂರು ಸಲ ಕಾರಿನಲ್ಲಿ ಹಾದುಹೋದೆ. ಹಿಂದಿನ ಕೋಣೆಯಲ್ಲಿ ದೀಪ ಇತ್ತು.

ಡಿಸೆಂಬರ್ 3, ಮಂಗಳವಾರ

ಕೊನೆಯ ಸಭೆ. ಮೂವತ್ತು ಜನ. ಕ್ಯಾಂಡೇಸ್ ಕೊನೆಗೆ "ಪ್ರಶ್ನೆ ಏನಾದ್ರೂ ಇದ್ರೆ ಕೇಳಿ" ಎಂದಳು. ಎದ್ದು ನಿಂತೆ. ಪ್ರೊಫೆಸರ್ ಟಟಲ್ ಹೇಳಿಕೊಟ್ಟ ಹಾಗೆ ಪೀಠಿಕೆ, ಮೂರು ಸಾಕ್ಷ್ಯ, ಉಪಸಂಹಾರ ಎಂದು ಚೀಟಿ ಮಾಡಿಕೊಂಡಿದ್ದೆ. ಕನ್ನಡಕ ಮನೆಯಲ್ಲಿತ್ತು. ನೇರ ಉಪಸಂಹಾರಕ್ಕೆ ಬಂದೆ.

"ವರ್ಜಿಲನ ತಕ್ಕಡಿ ಕಮ್ಮಿ ತೋರಿಸ್ತಿತ್ತು."

ಎಲ್ಲರೂ ನನ್ನನ್ನೇ ನೋಡಿದರು.

"ಸರ್, ಇದು ಯಾವ ಪ್ಲ್ಯಾನಿಗೆ ಸಂಬಂಧಪಟ್ಟಿದ್ದು?" ಎಂದಳು ಕ್ಯಾಂಡೇಸ್.

"ಯಾವುದಕ್ಕೂ ಅಲ್ಲ. 1986ಕ್ಕೆ."

"ಹಾಗಾದ್ರೆ ಇವತ್ತಿನ ಸಭೆಯ ವ್ಯಾಪ್ತಿಗೆ ಬರಲ್ಲ ಸರ್. ಬೇರೆ ಚೀಟಿಗೆ ಸಹಿ ಹಾಕಿ, ನಲವತ್ತೆಂಟು ಗಂಟೆ..."

"ಕೂತ್ಕೋಮ್ಮ ನೀನು!" ಎಂದಳು ಯೂನಿಸ್ ವೋಗಲ್. "ನಂಗೆ ಎಂಬತ್ತಾರು. ನಲವತ್ತೆಂಟು ಗಂಟೆ ಯಾರು ಕೊಡ್ತಾರೆ? ಹೇಳಪ್ಪಾ ಲೆಲೆಂಡ್."

ಹೇಳಿದೆ. ಪೌಂಡಿಗೆ ಅರ್ಧ ಔನ್ಸ್ ಅವನು ಹೆಚ್ಚು ಕೊಡುತ್ತಿದ್ದ. ಗೊತ್ತಿಲ್ಲದೆ ಕೊಡುತ್ತಿದ್ದ, ಆದರೆ ಕೊಡುತ್ತಿದ್ದ. ನನಗೆ ಗೊತ್ತಿತ್ತು, ಹೇಳಲಿಲ್ಲ. ಚೀಟಿಯಲ್ಲಿ ಜಾಗ ಇರಲಿಲ್ಲ ಎನ್ನುವುದು ನೆಪ. ಬಾಯಿ ಇತ್ತು.

ಯೂನಿಸ್ ಬೆರಳು ಮಡಚಿ ಎಣಿಸಿದಳು. "ಅಂದ್ರೆ ಹೆಚ್ಚು ಮಾಂಸ ಕೊಡ್ತಿದ್ದ ಅಂಗ್ಡಿ ಬಿಟ್ಟು ಮೂವತ್ತೆಂಟು ವರ್ಷ ಸೂಪರ್‌ಮಾರ್ಕೆಟ್ಟಿಗೆ ಹೋದ್ನಾ ನಾನು? ನಿನ್ ಚೀಟಿ ನಂಬಿ?"

"ಹೌದು."

"ದರಿದ್ರದವನೇ!" ಎಂದಳು. ಆಮೇಲೆ ತಿಂಡಿ ಮೇಜಿನ ಕಡೆ ತಿರುಗಿ, "ವರ್ಜಿಲ್, ನಿನ್ ಪೋರ್ಕ್ ಚಾಪ್ ಚೆನ್ನಾಗಿರ್ತಿತ್ತು ಕಣೋ," ಎಂದಳು.

ವರ್ಜಿಲ್ ಚೀಸ್ ಕತ್ತರಿಸುತ್ತಲೇ ಇದ್ದ. ಆದರೆ ಅವನ ಚಾಕು ಎಲ್ಲೋ ಜಾರಿತು. ಆ ತುಂಡು ನಾಲ್ಕು ಔನ್ಸಿಗೆ ಕಡಿಮೆ ಇರಲಿಲ್ಲ. ಅದನ್ನು ಪೈ ಮೇಲಿಟ್ಟು ತಟ್ಟೆಯನ್ನು ನನ್ನ ಕಡೆ ತಳ್ಳಿದ.

"ವರ್ಜಿಲ್ ಅವ್ರೇ, ಅದು ಊಟ ಆಗೋಯ್ತು!" ಎಂದು ಕ್ಯಾಂಡೇಸ್ ಓಡಿ ಬಂದಳು.

"ಆಗ್ಲಿ ಬಿಡಮ್ಮ," ಎಂದ ವರ್ಜಿಲ್.

ತಿಂದೆ. ತೂಗಲಿಲ್ಲ.

ಡಿಸೆಂಬರ್ 5, ಗುರುವಾರ

ವರ್ಜಿಲ್ ನಿನ್ನೆ ಮಧ್ಯಾಹ್ನ ಸೂಟ್‌ಕೇಸಿನೊಡನೆ ಬಂದ. ಐದೂವರೆ ವಾರ ಹೊರಗಿದ್ದದ್ದು ಒಂದು ವರ್ಷದ ವಾಸಕ್ಕೆ ಭಂಗವೇ ಎಂದು ನನಗೆ ಚಿಂತೆ. ಹದಿನಾಲ್ಕು ಪೌಂಡ್ ಆರು ಔನ್ಸ್ ಅಂಚೆಯನ್ನು ಅವನ ಮುಂದಿಟ್ಟೆ.

"ಇಷ್ಟೂ ನಂದಾ?"

"ನಿಂದೇ. ಈ ವಿಳಾಸಕ್ಕೇ ಬಂದದ್ದು."

"ಮುಗೀತಲ್ಲ. ನನ್ ಹಲ್ಲುಜ್ಜೋ ಬ್ರಷ್ಷೂ ಇಲ್ಲೇ ಬಿಟ್ಟಿದ್ದೆ. ಬ್ರಷ್ ಇದ್ದಲ್ಲಿ ಮನುಷ್ಯ."

ಕೊಕ್ಕರೆ ಕಂಪನಿಗೆ ಇಷ್ಟು ಸಾಕೇ ಎಂದು ಇವತ್ತು ಫೋನಿನಲ್ಲಿ ಕೇಳಿದೆ, ಐದೂವರೆ ವಾರವನ್ನೂ ಮುಚ್ಚಿಡದೆ ಹೇಳಿದೆ. ಈ ಸಲ ಮನುಷ್ಯರೇ ಇದ್ದರು. ಮಾತನ್ನು ಮುದ್ರಿಸಿಕೊಳ್ಳುತ್ತೇವೆ ಎಂದು ಆ ಹೆಂಗಸು ಮೊದಲೇ ತಿಳಿಸಿದಳು.

"ಆ ಐದೂವರೆ ವಾರ ಅವರು ಬೇರೆ ಮನೆ ಮಾಡಿದ್ರಾ ಸರ್?"

"ಇಲ್ಲ. ನನ್ ಮೇಲೆ ಸಿಟ್ಟು ಮಾಡ್ಕೊಂಡಿದ್ದ."

ಅತ್ತ ಕಡೆ ಸ್ವಲ್ಪ ಹೊತ್ತು ಕೀಲಿ ಒತ್ತುವ ಸದ್ದು. "ಸಿಟ್ಟು ಅಂದ್ರೆ ಪ್ರವಾಸ ಅಂತ ಹಾಕ್ತೀನಿ ಸರ್. ವಿಳಾಸ ಬದಲಾಗಿಲ್ಲ, ಅಷ್ಟು ಸಾಕು. ಅವರು ನಿಮಗೆ ಏನಾಗ್ಬೇಕು?"

ನಾನು ಬಾಯಿ ತೆರೆಯುವ ಮೊದಲೇ ವರ್ಜಿಲ್ ಫೋನಿನ ಕಡೆ ಬಾಗಿದ. "ಅವರು ನನ್ ಭಾವ ಕಣಮ್ಮ. ಸ್ವಲ್ಪ ಕಷ್ಟದ ಮನುಷ್ಯ. ಅದಕ್ಕೆ ಗೆರೆ ಇದ್ರೆ ಅದನ್ನೂ ತುಂಬ್ಕೋ."

ಅವಳು ನಕ್ಕಳು. ಅರ್ಜಿಯ ಗೆರೆಯಲ್ಲಿ ಹೆಸರು ಬರೆದೆ, ಸಹಿ ಹಾಕಿದೆ. ಅವನೂ ತನ್ನ ಅರ್ಜಿಯಲ್ಲಿ ನನ್ನ ಹೆಸರು ಬರೆದ. ಅಕ್ಷರ ಕೆಟ್ಟದಾಗಿದೆ, ಕಟುಕನ ಅಕ್ಷರ, ಆದರೆ "ಲೆಲೆಂಡ್" ಎಂದು ಓದಲು ಬರುತ್ತದೆ.

ಡಿಸೆಂಬರ್ 7, ಶನಿವಾರ

ಗಡುವಿನ ದಿನ. ಮಾತ್ರೆಯ ವಿಮೆಯೂ ಬೆಳಿಗ್ಗೆಯೇ ಮುಗಿಯಿತು. ಜನವರಿ ಹದಿನಾಲ್ಕಕ್ಕೆ ಡಾಕ್ಟರ್ ಸೊರೆಲ್ ನೋಡುತ್ತಾರೆ. ನಾವು ಹತ್ತಕ್ಕೆ ಹೊರಡುತ್ತೇವೆ, ಕಾರು ವರ್ಜಿಲ್ ಓಡಿಸುತ್ತಾನೆ.

ತಕ್ಕಡಿಯನ್ನು ಇಬ್ಬರೂ ಹಿಡಿದು ಮೇಲೆ ತಂದು ಅಡುಗೆಮನೆಯಲ್ಲಿಟ್ಟೆವು. ಕೆಂಪು ಚೀಟಿ ಬಿಚ್ಚಲು ಅವನು ಹೇಳಿದ. ನಿವೃತ್ತನಾದವನಿಗೆ ಆ ಅಧಿಕಾರವಿಲ್ಲ ಎಂದೆ. "ಹಾಗಾದ್ರೆ ಇರ್ಲಿ, ಹಿಂದ್ಗಡೆ ಜಾಗ ಇದೆ" ಎಂದು ಪೆನ್ನು ಕೊಟ್ಟ. "ಕಡಿಮೆ ತೋರಿಸುತ್ತದೆ. ಹೆಚ್ಚು ಹೋದದ್ದು ಗಿರಾಕಿಗೆ. ಎಲ್. ಕ್ರೌಸ್" ಎಂದು ನನ್ನ ಸಹಿಯೊಡನೆ ಬರೆದೆ. ಜಾಗ ಸಾಕಷ್ಟಿತ್ತು.

ಸೂಪಿಗೆ ಉಪ್ಪು ಅವನೇ ಹಾಕಿದ. ಇವತ್ತು ಉಳಿಯಲಿಲ್ಲ.

ನಮ್ಮ ಅಂಚೆಯನ್ನು ಅವನ ತಕ್ಕಡಿಯ ಮೇಲಿಟ್ಟೆ. ಎರಡು ಪೌಂಡ್ ತೋರಿಸಿತು. ಅಸಲು ಒಂದು ಔನ್ಸ್ ಹೆಚ್ಚಿರಬೇಕು.

ಅಂಚೆ: ಎರಡು ಪೌಂಡ್.